ಮಹಡಿ ಮನೆಗೆ ದೊಡ್ಡಮ್ಮನ ಬಲಿ

ಸಭ್ಯತೆಯ ವಿಷಯದಲ್ಲಿ ನನ್ನಲ್ಲಿ ಕೊರತೆ ಹುಡುಕುವುದು ಕಷ್ಟ. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ ಪಾಠ ಇವತ್ತಿಗೂ ನೆನಪಿದೆ: ನಾಲ್ಕು ಜನರ ಮುಂದೆ ಅವರಿಗೆ ತಿಳಿಯದ ಭಾಷೆ ಆಡಬಾರದು, ಬಾಯಿತಪ್ಪಿ ಆಡಿದರೆ ಕೂಡಲೇ ಅರ್ಥ ಹೇಳಬೇಕು. ಅರ್ಥ ಸರಿಯಾಗಿರಬೇಕು ಎಂದೂ ಹೇಳಿದ್ದರೋ ಏನೋ, ಅದೊಂದು ಮರೆತುಹೋಗಿದೆ.

ನನ್ನವರಿಗೆ ಕಾಶಿಯ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ. ಸೋನಾರ್‌ಪುರದ ಗಲ್ಲಿಯೊಳಗೆ, ಹಗಲಲ್ಲೂ ದೀಪ ಹಾಕಬೇಕಾದ ಒಂದೂವರೆ ಕೋಣೆಯಲ್ಲಿ ಎರಡು ವರ್ಷ ಕಳೆದಿದ್ದೆವು. ಭೇಲೂಪುರದಲ್ಲಿ ಮಹಡಿ ಮನೆ ಖಾಲಿಯಿದೆ, ನಲ್ಲಿ ನೀರು ಮೇಲಕ್ಕೇ ಬರುತ್ತದೆ ಎಂದು ಕೇಳಿದ್ದೇ ತಡ, ಮನಸ್ಸಿನಲ್ಲೇ ಕಿಟಕಿಗೆ ಪರದೆ ಹೊಲಿದುಬಿಟ್ಟೆ! ಆದರೆ ಮನೆಯೊಡತಿ ಮಾತಾಜಿ ಬಾಡಿಗೆದಾರರನ್ನು ಹೆಣ್ಣು ನೋಡಿದ ಹಾಗೆ ನೋಡಿ ಆರಿಸುತ್ತಾರಂತೆ.

“ನೀವು ಸುಮ್ಮನಿರಿ, ಮಾತು ನನಗೆ ಬಿಡಿ,” ಎಂದು ನನ್ನವರಿಗೆ ಹೇಳಿಯೇ ಹೊರಟೆ.

ಮಾತಾಜಿ ಕೂರಿಸಿದರು. ಅವರ ಸೊಸೆ ಎರಡು ಹಿತ್ತಾಳೆ ಲೋಟ ತಂದಳು. ಹುರಿಗಡಲೆ ಹಿಟ್ಟನ್ನು ನೀರಲ್ಲಿ ಕದಡಿ, ಉಪ್ಪು, ಹಸಿಮೆಣಸಿನಕಾಯಿ ಹಾಕಿದ ಪಾನಕ. ನನ್ನವರು ಒಂದು ಗುಟುಕು ಕುಡಿದು, ಲೋಟವನ್ನೇ ದುರುಗುಟ್ಟಿ ನೋಡಿ ಕನ್ನಡದಲ್ಲಿ ಅಂದರು: “ಇದು ಗೋಡೆಗೆ ಬಳಿಯೋದು ಕಣೇ, ತಪ್ಪಿ ಲೋಟಕ್ಕೆ ಬಂದಿದೆ.”

“ಕ್ಯಾ ಬೋಲೇ?” ಮಾತಾಜಿ ನನ್ನನ್ನು ಕೇಳಿದರು.

ಸಿಸ್ಟರ್ ಕಣ್ಣೆದುರು ಬಂದರು! “ಇಷ್ಟು ರುಚಿಯಾದ್ದು ಕುಡಿದೇ ಇಲ್ಲ ಅಂತಿದ್ದಾರೆ.”

ಲೋಟ ಮತ್ತೆ ತುಂಬಿತು.

“ಇದೂ ಒಳಗೆ ಹೋದರೆ ನನ್ನನ್ನ ನೇರ ಮಣಿಕರ್ಣಿಕಾ ಘಾಟಿಗೇ ಸಾಗಿಸು,” ಎಂದರು ನನ್ನವರು. ಹೆಣ ಸುಡುವ ಘಾಟಿನ ಹೆಸರು ಎಲ್ಲ ಭಾಷೆಯಲ್ಲೂ ಒಂದೇ! ಮಾತಾಜಿಯ ಹುಬ್ಬು ಮೇಲೇರಿತು. “ಮಣಿಕರ್ಣಿಕಾ? ಯಾಕೆ?”

“ಅದು... ಇವರ ದೊಡ್ಡಮ್ಮನ ಸಂಸ್ಕಾರ ಅಲ್ಲೇ ಆಯಿತು. ನೆನಪಾಗಿ ದುಃಖ.”

“ಅಯ್ಯೋ ರಾಮ! ಯಾವಾಗ?”

ಸಾವು ಬಿಸಿಯಾಗಿದ್ದಷ್ಟೂ ಕನಿಕರ ಹೆಚ್ಚಲ್ಲವೇ? “ಮೊನ್ನೆ.”

ಮಾತಾಜಿ ಚಂಗನೆ ಎದ್ದು ಎರಡು ಗಜ ಹಿಂದೆ ಸರಿದರು. “ಸೂತಕ ಇಟ್ಟುಕೊಂಡು ಮನೆ ನೋಡೋಕೆ ಬಂದಿರಾ?” ಸೊಸೆ ಗಂಗಾಜಲ ತರಲು ಓಡಿದಳು. ಹದಿಮೂರು ದಿನದ ಮೈಲಿಗೆ ನನಗೆ ಹೊಳೆದೇ ಇರಲಿಲ್ಲ. ಕಾನ್ವೆಂಟಿನಲ್ಲಿ ಆ ಪಾಠ ಇರಲಿಲ್ಲ!

“ಕ್ರಿಯೆ ಯಾರು ಮಾಡಿದರು?” ದೂರದಿಂದಲೇ ವಿಚಾರಣೆ.

“ಇವರೇ. ದೊಡ್ಡಮ್ಮನಿಗೆ ಮಕ್ಕಳಿಲ್ಲ.”

ಮಾತಾಜಿ ನನ್ನವರ ತಲೆ ನೋಡಿದರು. ಗುಂಗುರು ಕೂದಲು, ಕಿವಿ ದಾಟಿದ ಕೃತಾವು. “ಮತ್ತೆ ತಲೆ ಬೋಳಿಸಿಲ್ಲ?”

“ನಮ್ಮ ಕಡೆ ಹತ್ತನೇ ದಿನ,” ಎಂದೆ.

ನನ್ನವರಿಗೆ ಹಿಂದಿ ಚೆನ್ನಾಗಿಯೇ ಬರುತ್ತದೆ. ಅವರ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

“ಹದಿಮೂರು ದಿನ ಕಳೆದು ಬನ್ನಿ, ಮನೆ ಇಟ್ಟಿರ್ತೀನಿ,” ಎಂದರು ಮಾತಾಜಿ.

ಬೀದಿ ತಿರುಗಿದ ಮೇಲೆ ನನ್ನವರು ಸಿಡಿದರು. “ಹಾಸನದಲ್ಲಿ ಗುಂಡುಕಲ್ಲಿನ ಹಾಗಿರೋ ದೊಡ್ಡಮ್ಮನ್ನ ಕೊಂದುಬಿಟ್ಟೆಯಲ್ಲೇ!”

“ಮಹಡಿ ಮೇಲೇ ನಲ್ಲಿ ಇದೆ ರೀ,” ಎಂದೆ ಮೆಲ್ಲಗೆ.

ಹತ್ತನೇ ದಿನ ಗುಂಗುರು ಕೂದಲು ಕ್ಷೌರಿಕನ ಪಾಲಾಯಿತು. ಸಹೋದ್ಯೋಗಿಗಳೆಲ್ಲ ಬಂದು ಸಂತಾಪ ಸೂಚಿಸಿದರು. ಹದಿನಾಲ್ಕನೇ ದಿನ ಬೀಗದ ಕೈ ಸಿಕ್ಕಿತು. ಪರದೆ ಕಟ್ಟಿ ವಾರವೂ ಆಗಿರಲಿಲ್ಲ, ತಂತಿ ಬಂತು: ಕಾಶಿಯಾತ್ರೆಗೆ ಹೊರಟಿದ್ದೇನೆ, ದೊಡ್ಡಮ್ಮ.

ನಾನು ಹೆದರಲಿಲ್ಲ. ದೊಡ್ಡಮ್ಮನಿಗೆ ಹಿಂದಿ ಬಾರದು. ಯಾರೋ ದೂರದ ನೆಂಟರು ಎಂದರಾಯಿತು! ಆದರೆ ದೊಡ್ಡಮ್ಮ ಈ ಯಾತ್ರೆಗೆಂದೇ ಹಿಂದಿ ಪರೀಕ್ಷೆ ಕಟ್ಟಿ ಪಾಸಾಗಿದ್ದರು. ರಿಕ್ಷಾ ಇಳಿದವರೇ ಬಾಗಿಲಲ್ಲಿದ್ದ ಮಾತಾಜಿಗೆ ಕೈಮುಗಿದು ಅಚ್ಚ ಹಿಂದಿಯಲ್ಲಿ ಹೇಳಿದರು: “ನಾನು ಇವನ ದೊಡ್ಡಮ್ಮ. ಇವನಿಗಿರೋ ದೊಡ್ಡಮ್ಮ ನಾನೊಬ್ಬಳೇ. ನನಗೆ ಮಕ್ಕಳಿಲ್ಲ, ಇವನೇ ಮಗ.” ಆಮೇಲೆ ಮಗನತ್ತ ತಿರುಗಿ, ಕನ್ನಡದಲ್ಲಿ, ಬೀದಿಗೆಲ್ಲ ಕೇಳುವಂತೆ: “ಅಯ್ಯೋ, ಇದೇನೋ ನಿನ್ನ ತಲೆ! ಯಾರೋ ಸತ್ತಿದ್ದು?”

“ಕ್ಯಾ ಬೋಲೀಂ?” ಮಾತಾಜಿ ನನ್ನನ್ನೇ ಕೇಳಿದರು.

ಮೊದಲ ಬಾರಿಗೆ ಸರಿಯಾದ ಅರ್ಥ ಹೇಳಿದೆ. ಗೋಡೆಗೆ ಬಳಿಯುವುದರಿಂದ ಹಿಡಿದು ಎಲ್ಲವನ್ನೂ. ಹೇಳುತ್ತಲೇ ಮನಸ್ಸಿನಲ್ಲಿ ಪರದೆ ಒಂದೊಂದಾಗಿ ಬಿಚ್ಚತೊಡಗಿದೆ.

ಮಾತಾಜಿ ನನ್ನವರ ಬೋಳುತಲೆಯನ್ನು ಬಹಳ ಹೊತ್ತು ನೋಡಿದರು. “ಅವತ್ತೇ ಅನುಮಾನ ಬಂದಿತ್ತು. ಸತ್ತವರನ್ನ ನೆನೆದು ಯಾರಾದರೂ ಲೋಟವನ್ನ ದುರುಗುಟ್ಟಿ ನೋಡ್ತಾರಾ? ಇಲ್ಲೇ ಇರಿ, ಮನೆಗೋಸ್ಕರ ತಲೆ ಕೊಟ್ಟವರನ್ನ ಹೇಗೆ ಹೊರಗೆ ಹಾಕಲಿ? ಆದರೆ ದಿನಾ ಬೆಳಿಗ್ಗೆ ಒಂದು ಲೋಟ ಪಾನಕ ಕಳಿಸ್ತೀನಿ. ಪ್ರೊಫೆಸರ್ ಸಾಹೇಬರೇ ಕುಡೀಬೇಕು.”

ಆಮೇಲೆ ಸೊಸೆಯತ್ತ ತಿರುಗಿ, ನನಗೆ ಒಂದಕ್ಷರವೂ ತಿಳಿಯದ ಭೋಜಪುರಿಯಲ್ಲಿ, ಉದ್ದಕ್ಕೆ ಏನೋ ಅಂದರು. ಸೊಸೆ ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕಳು.

“ಏನಂದರು?” ಎಂದು ಕೇಳಿದೆ.

ಸೊಸೆ ಸಭ್ಯ ಹುಡುಗಿ. ಕೂಡಲೇ ಅರ್ಥ ಹೇಳಿದಳು: “ನೀವು ಬಹಳ ಒಳ್ಳೆಯವರು ಅಂತಿದ್ದಾರೆ.”