ಗಟ್ಟಿ ಬೂಟು ಮೆಟ್ಟಿದ ದಿನ

ಮೆತ್ತನೆಯ ಬೂಟಿನಲ್ಲಿ ನಾಲ್ಕು ಚಳಿಗಾಲ ಸ್ನೋಬೋರ್ಡ್ ಆಡಿದ ಮೇಲೆ, ಈ ವಿದ್ಯೆಯಲ್ಲಿ ನಾನು ಕಲಿಯಬೇಕಾದ್ದು ಹೆಚ್ಚೇನೂ ಉಳಿದಿಲ್ಲ ಎಂಬ ತೀರ್ಮಾನಕ್ಕೆ ಬಂದಿದ್ದೆ. ಪರೀಕ್ಷೆ ಬರೆದವಳೂ ನಾನೇ, ಅಂಕ ಹಾಕಿದವಳೂ ನಾನೇ. ಮೈಸೂರಿನಲ್ಲಿ ಫ್ರಿಜ್ಜಿನ ಮೇಲಿನ ಖಾನೆ ಬಿಟ್ಟು ಬೇರೆಲ್ಲೂ ಹಿಮ ನೋಡದ ನಾನು, ನಲವತ್ತೆರಡನೇ ವಯಸ್ಸಿನಲ್ಲಿ ಜಪಾನಿನ ನಾಗಾನೋದ ಬೆಟ್ಟದಿಂದ ನಿಂತುಕೊಂಡೇ ಕೆಳಗೆ ಬರುತ್ತಿದ್ದೆ. ಬಹುಪಾಲು ನಿಂತುಕೊಂಡೇ.

ನನ್ನ ಈ ನೆಮ್ಮದಿಯನ್ನು ಕೆಡಿಸಿದವರು ಮೋರಿ-ಸಾನ್, ಅಂದರೆ ಮೋರಿಯವರು. ಯೋಕೋಹಾಮಾದ ನಮ್ಮ ಆಫೀಸಿನಲ್ಲಿ ನನ್ನ ಎದುರಿನ ಮೇಜು ಅವರದು. ಮಾರ್ಚಿಗೆ ನಿವೃತ್ತಿ. ಮಾತು ಬಹಳ ಕಡಿಮೆ. ಆಫೀಸಿನವರೆಲ್ಲ ಹಿಮದಲ್ಲಿ ಆಡಲು ಹೋಗಿದ್ದಾಗ ಅವರು ಬೆಟ್ಟ ಇಳಿಯುವುದನ್ನು ಮೊದಲ ಸಲ ನೋಡಿದೆ. ಕೈ ಹಿಮಕ್ಕೆ ತಾಗುವಷ್ಟು ವಾಲಿ, ಸದ್ದಿಲ್ಲದೆ ಸಾಗಿದರು. ಹಿಂದೆ ಉಳಿದ ಗೆರೆ ರಂಗೋಲಿಯ ಎಳೆಯಷ್ಟು ಸಣ್ಣ. ನಾನು ಇಳಿದ ದಾರಿ ಎಮ್ಮೆ ಹೊರಳಾಡಿದ ಜಾಗದಂತಿತ್ತು.

"ಅದು ಹೇಗೆ ಬರುತ್ತೆ, ಮೋರಿ-ಸಾನ್?" ಎಂದು ಕೇಳಿದೆ.

"ಹಾರ್ಡ್ ಬೂಟ್," ಎಂದರು. ಅಷ್ಟೇ.

ಮುಂದಿನ ವಾರ ನನ್ನ ಮೇಜಿನ ಮೇಲೆ ಒಂದು ದೊಡ್ಡ ಪೆಟ್ಟಿಗೆ. ಒಳಗೆ ಸ್ಕೀಯವರು ಹಾಕುವಂಥ ಗಟ್ಟಿ ಪ್ಲಾಸ್ಟಿಕ್ ಬೂಟು, ಒಂದೊಂದಕ್ಕೂ ನಾಲ್ಕು ನಾಲ್ಕು ಬಕಲ್.

"ನನ್ನ ಹೆಂಡತೀದು. ಮಂಡಿ ನೋವು ಅಂತ ಆಡೋದು ಬಿಟ್ಟಳು. ಇಷ್ಟು ವರ್ಷದಲ್ಲಿ ಆಫೀಸಲ್ಲಿ ಇದರ ಬಗ್ಗೆ ಕೇಳಿದ್ದು ನೀವೊಬ್ಬರೇ. ನಿನ್ನೆ ನಾವಿಬ್ಬರೂ ಕೂತು ಬಕಲ್ ಒರೆಸಿದ್ವಿ."

ಅವರ ಬಾಯಿಂದ ಒಟ್ಟಿಗೆ ನಾಲ್ಕು ವಾಕ್ಯ ಬಂದದ್ದನ್ನು ನಾನು ಕಂಡದ್ದು ಅದೇ ಮೊದಲು. ಬೂಟು ನನ್ನ ಕಾಲಿಗೆ ಅರ್ಧ ನಂಬರು ಚಿಕ್ಕದಿತ್ತು. ಆದರೆ ಗಂಡ ಹೆಂಡತಿ ಕೂತು ಒರೆಸಿದ ಬಕಲಿಗೆ 'ಬಿಗಿಯಾಯಿತು' ಎನ್ನುವುದು ಹೇಗೆ? ಅಳತೆ ಕೊಟ್ಟು ಮಾಡಿಸಿದ ಹಾಗಿದೆ ಎಂದುಬಿಟ್ಟೆ. ಅವರ ಮುಖ ಅರಳಿತು. ಮಧ್ಯಾಹ್ನದ ಹೊತ್ತಿಗೆ ಇಡೀ ವಿಭಾಗಕ್ಕೆ ನಾನು ಅವರ ಶಿಷ್ಯೆ ಎಂಬ ಸುದ್ದಿ ಹಬ್ಬಿತ್ತು.

"ಒಂದ್ಸಲ ಮನೇಲಿ ಹಾಕ್ಕೊಂಡು ಓಡಾಡಿ ನೋಡು, ಸುಧಾ," ಎಂದ ಆ ರಾತ್ರಿ ನನ್ನ ಗಂಡ ಹರೀಶ.

"ಬೂಟ್ ಹಾಕ್ಕೊಳ್ಳೋಕೂ ರಿಹರ್ಸಲ್ ಬೇಕಾ? ನಾಲ್ಕು ಸೀಸನ್ ಆಗಿದೆ ನಂಗೆ."

ಶನಿವಾರ ಮೋರಿ-ಸಾನ್, ಹರೀಶ, ನಾನು ಮೂವರೂ ನಾಗಾನೋದ ಒಂದು ಚಿಕ್ಕ ವಸತಿಗೃಹಕ್ಕೆ ಬಂದಿಳಿದೆವು. ಚಳಿ ಜಾಸ್ತಿ ಎಂದು ಎರಡು ಜೊತೆ ಉಣ್ಣೆಯ ಕಾಲುಚೀಲ ಹಾಕಿದೆ. ಈಗಾಗಲೇ ಚಿಕ್ಕದಾದ ಬೂಟು ಇನ್ನಷ್ಟು ಚಿಕ್ಕದಾಯಿತು. ಬಕಲ್ ಬಿಗಿದು ಎದ್ದು ನಿಂತರೆ ಮೊಣಕಾಲಿನಿಂದ ಕೆಳಗೆ ಯಾವುದೂ ನನ್ನ ಮಾತು ಕೇಳಲಿಲ್ಲ. ವಸತಿಗೃಹದ ಬಾಗಿಲಿನ ಮೂರು ಮೆಟ್ಟಿಲನ್ನು ಏಡಿಯ ಹಾಗೆ ಅಡ್ಡಡ್ಡ ಇಳಿದೆ.

"ನೋವಾಗ್ತಿದ್ರೆ ಹೇಳಿಬಿಡು," ಎಂದ ಹರೀಶ.

"ಸುಮ್ನಿರು, ಅವರಿಗೆ ಕೇಳಿಸುತ್ತೆ." ಮೋರಿ-ಸಾನ್‌ಗೆ ಕನ್ನಡ ಬಾರದು ಎಂಬುದು ಆ ಕ್ಷಣಕ್ಕೆ ಮರೆತೇಹೋಗಿತ್ತು.

ಮೆತ್ತನೆಯ ಬೂಟಿಗೆ ದಾಕ್ಷಿಣ್ಯ ಇರುತ್ತದೆ. ನೀವು ಕಾಲು ತಪ್ಪಾಗಿ ಇಟ್ಟರೂ, ಹೋಗಲಿ ಪಾಪ ಎಂದು ಸುಧಾರಿಸಿಕೊಳ್ಳುತ್ತದೆ. ಗಟ್ಟಿ ಬೂಟಿಗೆ ಆ ಅಭ್ಯಾಸ ಇಲ್ಲ. ಎಡಕ್ಕೆ ತಿರುಗೋಣವೇ ಎಂದು ನಾನು ಯೋಚಿಸುವಷ್ಟರಲ್ಲಿ ಬೋರ್ಡು ಎಡಕ್ಕೆ ಹೋಗಿ ಆಗಿತ್ತು. ಮೊದಲ ಸಲ ಇಳಿಜಾರಿನ ಅಂಚಿನ ಕಿತ್ತಳೆ ಬಣ್ಣದ ಬಲೆಯಲ್ಲಿ ಮೀನಿನ ಹಾಗೆ ಸಿಕ್ಕಿಬಿದ್ದೆ. ಎರಡನೇ ಸಲ ನನ್ನ ದಾರಿಗೆ ಅಡ್ಡ ನಿಂತಿದ್ದವರು ಗುರುಗಳೇ. ಈ ಬೂಟಿನಲ್ಲಿ ನಿಲ್ಲಿಸುವುದು ಗೊತ್ತಿರಲಿಲ್ಲವಾದ್ದರಿಂದ ದೂರದಿಂದಲೇ "ಸುಮಿಮಾಸೆನ್, ಸುಮಿಮಾಸೆನ್" ಎಂದು ಕ್ಷಮೆ ಕೇಳುತ್ತ ಬಂದು, ಆಮೇಲೆ ಡಿಕ್ಕಿ ಹೊಡೆದೆ.

ಇಬ್ಬರೂ ಹಿಮದಲ್ಲಿ ಅಂಗಾತ ಬಿದ್ದಿದ್ದೆವು. ಅವರು ಆಕಾಶ ನೋಡುತ್ತ, "ವೇಗ ಚೆನ್ನಾಗಿತ್ತು," ಎಂದರು.

ಸಂಜೆ ವಸತಿಗೃಹಕ್ಕೆ ಹಿಂದಿರುಗಿದಾಗ ನಿಜವಾದ ಕಷ್ಟ ಶುರುವಾಯಿತು. ಬಾಗಿಲಲ್ಲೇ ಪಾದರಕ್ಷೆ ಕಳಚಿ ಒಳಗೆ ಕಾಲಿಡಬೇಕು. ಇದು ಈ ದೇಶದಲ್ಲಿ ಚರ್ಚೆಗೆ ಅವಕಾಶವಿಲ್ಲದ ವಿಷಯ. ಎಂಟೂ ಬಕಲ್ ತೆಗೆದೆ. ಬೂಟು ಬರಲಿಲ್ಲ. ಹರೀಶ ಎದುರು ಕೂತು ಎಳೆದ. ಬೂಟಿನ ಜೊತೆ ಇಡೀ ನಾನೇ ಅವನ ಕಡೆ ಜಾರಿದೆ. ಮೋರಿ-ಸಾನ್ ನನ್ನ ಭುಜ ಹಿಡಿದು ಹಿಂದಕ್ಕೆ ಜಗ್ಗಿದರು. ಈಗ ನಾನು ಉದ್ದವಾಗತೊಡಗಿದೆನೇ ಹೊರತು ಬೂಟು ಅಲ್ಲಾಡಲಿಲ್ಲ.

"ಕಾಲು ಊದಿಕೊಂಡಿದೆ ಕಣೇ," ಎಂದ ಹರೀಶ. "ನಿಜ ಹೇಳು, ಇದು ನಿನ್ನ ಸೈಜೇನಾ?"

ನಾನು ಬಕಲುಗಳನ್ನು ಮತ್ತೊಮ್ಮೆ ಎಣಿಸತೊಡಗಿದೆ. ಮೋರಿ-ಸಾನ್ ಬೂಟನ್ನೇ ನೋಡುತ್ತಿದ್ದರು.

ಸದ್ದು ಕೇಳಿ ವಸತಿಗೃಹದ ಯಜಮಾನಿ ಬಂದರು. ಎಪ್ಪತ್ತು ದಾಟಿದ ಅಜ್ಜಿ. ಚಳಿಗೆ ಪ್ಲಾಸ್ಟಿಕ್ ಬಿಗಿದುಕೊಂಡಿರುತ್ತದೆ, ಒಳಗೆ ಒಲೆಯ ಹತ್ತಿರ ಸ್ವಲ್ಪ ಬಿಸಿ ತಾಗಿದರೆ ಸಡಿಲವಾಗುತ್ತದೆ ಎಂದರು. ಆದರೆ ಒಳಗೆ ಬೂಟು ನೆಲಕ್ಕೆ ತಾಗುವಂತಿಲ್ಲ. ಇದಕ್ಕೆ ಪರಿಹಾರ ಕಂಡುಹಿಡಿದವರು ಮೋರಿ-ಸಾನ್. ನಾನು ಎರಡೂ ಅಂಗೈ ನೆಲಕ್ಕೆ ಊರಿದೆ. ಅವರು ಹಿಂದೆ ನಿಂತು ನನ್ನ ಎರಡೂ ಬೂಟುಗಳನ್ನು ಗಾಳಿಯಲ್ಲಿ ಎತ್ತಿ ಹಿಡಿದರು. ಹೀಗೆ, ಕೈಗಾಡಿ ನೂಕುವವರ ಹಾಗೆ, ಅಷ್ಟು ವರ್ಷ ಗೌರವದಿಂದ ದುಡಿದು ನಿವೃತ್ತಿಯ ಹೊಸ್ತಿಲಲ್ಲಿದ್ದ ಆ ಹಿರಿಯರು ನನ್ನನ್ನು ಊಟದ ಕೋಣೆಯ ಮೂಲಕ ನಡೆಸಿಕೊಂಡು ಹೋದರು. ಊಟ ಮಾಡುತ್ತಿದ್ದವರು ಯಾರೂ ನಗಲಿಲ್ಲ. ಎಲ್ಲರೂ ತಮ್ಮ ಸೂಪಿನ ಬಟ್ಟಲನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದರು. ಹರೀಶ ಮಾತ್ರ ಹಿಂದೆ ಬರುತ್ತ ಬಿಕ್ಕುವ ಸದ್ದು ಮಾಡುತ್ತಿದ್ದ. ಅಳುವಲ್ಲ.

ಒಲೆಯ ಮುಂದೆ ಹತ್ತು ನಿಮಿಷ ಕಾಲು ಚಾಚಿ ಕೂತರೂ ಏನೂ ಆಗಲಿಲ್ಲ. ಅಜ್ಜಿ ಕನ್ನಡಕ ಹಾಕಿಕೊಂಡು ಬಂದು, ಬಗ್ಗಿ, ಬೂಟಿನ ಬಾಯೊಳಗೆ ಇಣುಕಿದರು.

"ಒಳಗಿನ ಲೇಸ್ ಬಿಚ್ಚಿದೀರಾ?"

ಪ್ಲಾಸ್ಟಿಕ್ಕಿನ ಒಳಗೆ ಇನ್ನೊಂದು ಬಟ್ಟೆಯ ಬೂಟು ಇರುತ್ತದೆ. ಅದಕ್ಕೆ ಅದರದೇ ಲೇಸು. ಬೆಳಿಗ್ಗೆ ನಾನೇ, ಬಿಚ್ಚಿಹೋಗದಿರಲಿ ಎಂದು, ಎರಡೆರಡು ಗಂಟು ಹಾಕಿ ಕಟ್ಟಿದ್ದೆ.

ಅಜ್ಜಿ ಗಂಟು ಬಿಚ್ಚಿದರು. ಕಾಲು ಸಲೀಸಾಗಿ ಹೊರಗೆ ಬಂತು. ಕೆಂಪಗೆ ಬೆಂದ ಗೆಣಸಿನ ಹಾಗಿತ್ತು.

"ಬೂಟು ಸಣ್ಣದು, ಮೋರಿ-ಸಾನ್," ಎಂದೆ ಕೊನೆಗೂ. "ಮೊದಲೇ ಹೇಳಬೇಕಿತ್ತು. ನಿಮಗೆ ಬೇಜಾರಾಗುತ್ತೆ ಅಂತ..."

"ನನಗೂ ಅನುಮಾನ ಇತ್ತು," ಎಂದರು. "ನಿಮಗೆ ಬೇಜಾರಾಗುತ್ತೆ ಅಂತ ಕೇಳಲಿಲ್ಲ."

ಆಮೇಲೆ ಹೊರಗೆ ಹೋಗಿ ಹೆಂಡತಿಗೆ ಫೋನ್ ಮಾಡಿದರು. ಆ ಕಡೆಯ ನಗು ಗೋಡೆ ದಾಟಿ ನಮಗೂ ಕೇಳಿಸಿತು. ಒಳಗೆ ಬಂದು ನನ್ನ ಪಕ್ಕ ಕೂತು ಸಮಾಧಾನ ಹೇಳಿದರು.

"ಬೇಸರ ಮಾಡ್ಕೋಬೇಡಿ, ಸುಧಾ-ಸಾನ್. ಮೊದಲನೇ ದಿನ ಅವಳೂ ತುಂಬಾ ಬಿದ್ದಿದ್ದಳಂತೆ."

ನನಗೆ ಹೋದ ಜೀವ ಬಂದಂತಾಯಿತು.

ಮೋರಿ-ಸಾನ್ ಪ್ರಾಮಾಣಿಕ ಮನುಷ್ಯ. ಕಳಚಿಟ್ಟ ಬೂಟಿನೊಳಗೆ ಒಮ್ಮೆ ಇಣುಕಿ, "ಆದರೆ," ಎಂದರು, "ಲೇಸ್ ಬಿಚ್ಚೋದು ಅವಳಿಗೆ ಗೊತ್ತಿತ್ತು."