ಕೀಲಿ ತಿರುವಿದ ಕೈ

ಮನುಷ್ಯನ ಕೈಗೆ ಒಂದು ಚಟ ಅಂಟಿತೆಂದರೆ ಮುಂದೆ ಅದು ತಲೆಯ ಅಪ್ಪಣೆಗೆ ಕಾಯುವುದಿಲ್ಲ. ನಮ್ಮ ಅತ್ತೆಯವರು ಕಣ್ಣಿನ ಆಪರೇಷನ್ ಆಗಿ ಕನ್ನಡಕ ಬಿಟ್ಟ ಮೇಲೂ ಮೂಗಿಗೆ ಬೆರಳಿಟ್ಟು ಇಲ್ಲದ ಕನ್ನಡಕವನ್ನು ಮೇಲಕ್ಕೆ ತಳ್ಳುತ್ತಿದ್ದರು. ಅದರಿಂದ ಯಾರಿಗೂ ತೊಂದರೆ ಇರಲಿಲ್ಲ. ನನ್ನ ಕೈಯ ಚಟ ಮಾತ್ರ ಒಂದು ಬೆಳಿಗ್ಗೆ ಇಬ್ಬರ ಜೀವವನ್ನೂ ಮೂರನೆಯವನ ಕೆಲಸವನ್ನೂ ತೆಗೆಯುವುದರಲ್ಲಿತ್ತು. ಚಟ ಇಷ್ಟೇ, ಸ್ಕೂಟರ್ ಇಳಿಜಾರಿಗೆ ಬಂದಕೂಡಲೇ ಕೀಲಿ ತಿರುವಿ ಇಂಜಿನ್ ಬಂದ್ ಮಾಡುವುದು. ಲಿಂಗಸುಗೂರು, ಮಸ್ಕಿ, ಸಿಂಧನೂರು ಎಂದು ಬೆಳೆಗೆ ಹೊಡೆಯುವ ಔಷಧ ಮಾರುತ್ತ ತಿರುಗುತ್ತಿದ್ದ ನನಗೆ ಪೆಟ್ರೋಲ್ ಎಂದರೆ ತುಪ್ಪ. ಇಳಿಜಾರು ದೇವರು ಕೊಟ್ಟದ್ದು, ಅಲ್ಲಿ ಪೆಟ್ರೋಲ್ ಸುಡುವುದು ಸೊಕ್ಕು ಎಂಬುದು ನಮ್ಮ ಕಡೆ ಗಾಡಿ ಇಟ್ಟವರೆಲ್ಲರ ಮತ.

ತೊಂಬತ್ತರ ದಶಕದಲ್ಲಿ ಸಾಲಗುಂದದ ಕಡೆಯ ಒಬ್ಬ ದೊಡ್ಡ ರೈತರಿಗೆ ಭತ್ತಕ್ಕೆ ಆಕಾಶದಿಂದ ಔಷಧ ಹೊಡೆಸುವ ಹುಕಿ ಬಂತು. ಎರಡು ಸೀಟಿನ ಮೈಕ್ರೋಲೈಟ್ ವಿಮಾನ ತರಿಸಿದರು. ಕೊಳವೆ, ಬಟ್ಟೆ, ತಂತಿ, ಬೆನ್ನ ಹಿಂದೊಂದು ಇಂಜಿನ್, ಅಷ್ಟೇ ವಿಮಾನ. ಕಲಿಸಲು ಬಂದವರು ವಾಯುಪಡೆಯಿಂದ ನಿವೃತ್ತರಾದ ಮುದಗಲ್ಲಿನ ವೀರಭದ್ರಪ್ಪನವರು. ಕಲಿಯಲು ನನ್ನನ್ನು ಆರಿಸಿದರು. ನನ್ನ ಬುದ್ಧಿ ಕಂಡು ಆರಿಸಿದರೆಂದು ಮನೆಯಲ್ಲಿ ನಾಲ್ಕು ದಿನ ಬೀಗಿದೆ. ಆ ವಿಮಾನ ಹೆಚ್ಚು ಭಾರ ಹೊರುವುದಿಲ್ಲ, ಔಷಧ ಮಾರುವವರಲ್ಲಿ ನನ್ನಷ್ಟು ಬಡಕಲು ಇನ್ನೊಬ್ಬನಿಲ್ಲ ಎಂಬ ಕಾರಣ ಐದನೆಯ ದಿನ ತಿಳಿಯಿತು. ಇಂಜಿನ್ ನೋಡಿಕೊಳ್ಳಲು ಬಳಗಾನೂರಿನ ಅಮರೇಶಣ್ಣ ಇದ್ದ. ಪಂಪ್‌ಸೆಟ್ ರಿಪೇರಿ ಮಾಡಿ ಮಾಡಿಯೇ ತಲೆ ಬೆಳ್ಳಗಾದವನು, ಮಿತಭಾಷಿ. ಮಸ್ಕಿಯ ಹತ್ತಿರದ ಒಂದು ಬೀಳು ಹೊಲವೇ ನಮ್ಮ ವಿಮಾನ ನಿಲ್ದಾಣ.

ವೀರಭದ್ರಪ್ಪನವರ ಪಾಠವೆಲ್ಲ ಇಂಜಿನ್ ಕೆಟ್ಟರೆ ಏನು ಮಾಡಬೇಕೆಂಬುದೇ. ಮೊದಲು ಮೂತಿ ಕೆಳಗೆ ಮಾಡಿ ವೇಗ ಕಾಪಾಡಿಕೊಳ್ಳಬೇಕು, ಇಳಿಯುವ ಹೊಲ ಬೇಗ ಆರಿಸಬೇಕು, ನೆಲ ಮುಟ್ಟುವ ಮುಂಚೆ ಕೀಲಿ ಬಂದ್ ಮಾಡಬೇಕು, ಇಲ್ಲದಿದ್ದರೆ ಬೆಂಕಿ ಹೊತ್ತಬಹುದು. ನಾನು ಇದನ್ನೆಲ್ಲ ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ್ದೆ. ಚೆನ್ನಾಗಿದ್ದ ಇಂಜಿನ್ನನ್ನು ನಡುವೆ ಬಂದ್ ಮಾಡಬೇಡ ಎಂದು ಮಾತ್ರ ಅವರು ಹೇಳಿರಲಿಲ್ಲ. ಯಾರು ತಾನೆ ಹೇಳುತ್ತಾರೆ?

ಆ ಬೆಳಿಗ್ಗೆ ಒಂದು ಸುತ್ತು ಹಾಕಿ ವಾಪಸು ಬರುತ್ತಿದ್ದೆವು. ನಮ್ಮ ಬೀಳು ಹೊಲ ಇನ್ನೂ ದೂರವಿತ್ತು. ಸ್ವಲ್ಪ ಕೆಳಗಿಳಿಸಿರಿ ಎಂದು ಅವರು ಕಿವಿಯ ಹತ್ತಿರ ಕೂಗಿದರು. ಮೂತಿ ಬಾಗಿಸಿದೆ. ಮುಂದೆ ಇಳಿಜಾರು ಕಂಡ ಕೈ ತಾನೇ ಹೋಗಿ ಕೀಲಿ ತಿರುವಿತು.

ಗದ್ದಲವೆಲ್ಲ ನಿಂತು ತಂತಿಗಳಲ್ಲಿ ಗಾಳಿ ಸುಯ್ಯೆನ್ನುವುದಷ್ಟೇ ಉಳಿಯಿತು. ಒಂದು ಕ್ಷಣ, ನಾಚಿಕೆಯಿಂದ ಹೇಳುತ್ತೇನೆ, ಪೆಟ್ರೋಲ್ ಉಳಿಯಿತಲ್ಲ ಎಂದು ಹಾಯೆನಿಸಿತು. ಮರುಕ್ಷಣ ಕೂತಿರುವುದು ಸ್ಕೂಟರ್ ಮೇಲಲ್ಲ ಎಂಬುದು ನೆನಪಾಯಿತು. ಅದು ಹಗ್ಗ ಎಳೆದು ಚಾಲೂ ಮಾಡುವ ಇಂಜಿನ್, ಹಗ್ಗವೋ ಬೆನ್ನ ಹಿಂದೆ ಕೈಗೆ ಎಟುಕದ ಕಡೆ. ವೀರಭದ್ರಪ್ಪನವರು ಹಿಂತಿರುಗಿ ನೋಡಿ, "ಇಂಜಿನ್ ಬಂದ್ ಆಗ್ಯಾದ" ಎಂದರು. ನಾನು ಹೂಂ ಎಂದೆ. ನಾನೇ ಬಂದ್ ಮಾಡಿದೆ ಎನ್ನಲು ನಾಲಿಗೆ ಏಳಲಿಲ್ಲ.

ಅವರು ಹಿಡಿಕೆ ತಮ್ಮ ಕೈಗೆ ತೆಗೆದುಕೊಂಡು, ಎದುರಿಗಿದ್ದ ಹಸಿರು ಹೊಲ ಸಪಾಟಾಗಿದೆ, ಅಲ್ಲೇ ಇಳಿಸುತ್ತೇನೆ ಎಂದರು. ಅವರು ಒಣ ಸೀಮೆಯವರು, ಕಾಲುವೆಯ ಹೊಲ ಮೇಲಿನಿಂದ ಮಾತ್ರ ನೋಡಿದವರು. ನಾನು ಆ ಹೊಲದ ಬದುವಿನ ಮೇಲೆ ನಿಂತು ಔಷಧ ಮಾರಿದವನು.

"ಬ್ಯಾಡ್ರಿ ಸರ, ಅದು ಹಚ್ಚಿದ ಭತ್ತ. ಮೊಣಕಾಲಮಟ ರಾಡಿ ಅದ, ಗಾಲಿ ಸಿಕ್ಕೊಂಡು ಬೋರಲ ಬೀಳ್ತೀವಿ. ಎಡಕ್ಕ ಜ್ವಾಳ ಕೊಯ್ದ ಹೊಲ ಅದ, ಸಾಲಿನ ಗುಂಟ ಇಳಸ್ರಿ."

ಅವರು ಕೂಡಲೇ ಎಡಕ್ಕೆ ಹೊರಳಿಸಿದರು. ನಡುವೆ ಕರೆಂಟಿನ ತಂತಿ. ಅದನ್ನು ಹೇಗೆ ದಾಟಿದೆವೋ ನನಗೆ ಗೊತ್ತಿಲ್ಲ, ನಾನು ಕಣ್ಣು ಮುಚ್ಚಿದ್ದೆ. ಮನೆದೇವರ ಹೆಸರು ಅರ್ಧಕ್ಕೇ ಮರೆತುಹೋಯಿತು. ಆಮೇಲೆ ಜೋಳದ ಕೂಳೆ ಅಡಿಗೆ ಟರಟರನೆ ಬಡಿಯಿತು, ಹಲ್ಲು ಹಲ್ಲಿಗೆ ತಾಗಿತು, ಬದುವಿಗೆ ನಾಲ್ಕು ಹೆಜ್ಜೆ ಇರುವಂತೆ ವಿಮಾನ ನಿಂತಿತು. ವೀರಭದ್ರಪ್ಪನವರ ಬೆರಳು ಕೀಲಿಯ ಮೇಲಿತ್ತು. ನೆಲ ಮುಟ್ಟುವ ಮುಂಚೆ ಬಂದ್ ಮಾಡಲು ಹೋದರೆ ಅದು ಆಗಲೇ ಬಂದ್ ಆಗಿತ್ತಂತೆ. ಇಂಥ ಗಾಬರಿಯಲ್ಲೂ ಕೀಲಿ ಮರೆಯಲಿಲ್ಲವಲ್ಲ, ನಿಮ್ಮದು ಗಟ್ಟಿ ಎದೆ ಎಂದು ನನ್ನ ಬೆನ್ನು ತಟ್ಟಿದರು. ನಾನು ತಟ್ಟಿಸಿಕೊಂಡೆ.

ಅಮರೇಶಣ್ಣ ಸೈಕಲ್ ತುಳಿದುಕೊಂಡು ಬಂದ. ಪ್ಲಗ್ ಬಿಚ್ಚಿ ನೋಡಿದ, ಪೆಟ್ರೋಲ್ ನೋಡಿದ, ಎಲ್ಲ ಸರಿ ಇದೆ ಎಂದ. ಸರಿ ಇದ್ದ ಇಂಜಿನ್ ಆಕಾಶದಲ್ಲಿ ಹೇಗೆ ನಿಂತಿತು ಎಂದು ವೀರಭದ್ರಪ್ಪನವರು ಕೇಳಿದರು. ಅವನು ಪ್ಲಗ್ಗನ್ನು ಒರೆಸುತ್ತಲೇ ಇದ್ದ. "ಎರಡು ಜೀವ ಹೋಗ್ತಿದ್ವು, ಅಮರೇಶ. ನಾಳಿಂದ ನೀ ಬರಾದು ಬ್ಯಾಡ" ಎಂದು ಅವರು, ಓಡಿ ಬಂದು ಸೇರಿದ್ದ ರೈತರ ಕಡೆ ಹೋದರು. ಅಮರೇಶಣ್ಣ ಪ್ಲಗ್ ತಿರುಗಿ ಕೂಡಿಸತೊಡಗಿದ.

ನಾನು ಅವನ ಪಕ್ಕ ಕುಕ್ಕರುಗಾಲಲ್ಲಿ ಕುಳಿತು, ಕೀಲಿ ತಿರುವಿದ್ದು ನಾನೇ ಎಂದು ಮೆಲ್ಲಗೆ ಹೇಳಿದೆ. ಅವನು ತಲೆ ಎತ್ತಲಿಲ್ಲ.

"ಗೊತ್ತದರೀ. ನಿಮ್ಮ ಗಾಡಿ ದಿನಾ ದಿನ್ನಿ ಮ್ಯಾಲಿಂದ ಸಪ್ಪಳಿಲ್ಲದ ಇಳಿತದ, ನೋಡಾಕತ್ತೀನಿ. ನೀವ ಹೇಳ್ತೀರಂತ ಸುಮ್ಮನ ಇದ್ದೆ."

ನೆಲ ಬಾಯಿಬಿಟ್ಟರೆ ಇಳಿದುಹೋಗಬೇಕೆನಿಸಿತು. ಎದ್ದು ಹೋದೆ. ಅಲ್ಲಿ ವೀರಭದ್ರಪ್ಪನವರು ನನ್ನ ಧೈರ್ಯವನ್ನು ವರ್ಣಿಸುತ್ತಿದ್ದರು. ಭತ್ತದ ಹೊಲ ಗುರುತಿಸಿದ್ದು, ತಲೆ ಕೆಡಿಸಿಕೊಳ್ಳದೆ ಕೀಲಿ ಬಂದ್ ಮಾಡಿದ್ದು. ರೈತರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಿದ್ದರು. ವೀರಭದ್ರಪ್ಪನವರ ಮಾತು ಪೂರ್ತಿ ಮುಗಿಯಿತು. ಆಮೇಲೆ ಹೇಳಿದೆ.

ಅವರು ಬಹಳ ಹೊತ್ತು ನನ್ನ ಕೈಯನ್ನೇ ನೋಡಿದರು. ನನ್ನನ್ನು ದಾಟಿ ಹೋಗಿ ಎಲ್ಲರ ಎದುರಿಗೆ ಅಮರೇಶಣ್ಣನಿಗೆ ಕೈ ಮುಗಿದರು, ನಾಳೆ ಬೇಗ ಬಾ ಎಂದರು. ನನಗೆ ಮಾತ್ರ, ನಾಳೆಯಿಂದ ಸ್ಕೂಟರ್ ಬಿಟ್ಟು ಬಸ್ಸಿನಲ್ಲಿ ಬರಬೇಕೆಂದು ಅಪ್ಪಣೆಯಾಯಿತು. ಬಂದೆ. ಕೈ ಕ್ರಮೇಣ ಸುಧಾರಿಸಿತು. ಕೀಲಿ ತಿರುವಿದ್ದಕ್ಕೆ ಚಟದ ನೆಪ ಹೇಳಿ ಇಷ್ಟು ವರ್ಷ ಕಳೆದಿದ್ದೇನೆ. ಆ ಹೊಗಳಿಕೆ ಮುಗಿಯಲೆಂದು ಕಾದು ನಿಂತದ್ದಕ್ಕೆ ಮಾತ್ರ ಇನ್ನೂ ಒಂದು ನೆಪ ಸಿಕ್ಕಿಲ್ಲ.