ಗೇಟಿನ ಕ್ಯಾಮೆರಾಕ್ಕೆ ಕಿಟಕಿಯೋ ಹಕ್ಕಿಯೋ ಎಂಬ ಬಗ್ಗೆ, ಮತ್ತು ಯಾರನ್ನೂ ಅಳಿಸುವುದಿಲ್ಲ ಎಂಬ ಬಗ್ಗೆ

ಗೃಹ ಇಲಾಖೆ
(ಈ ಗೃಹ ಮಾತ್ರ. ಮಹಡಿ ಮನೆಯವರಿಗೆ ಅನ್ವಯಿಸುವುದಿಲ್ಲ.)
ಕಣ್ಗಾವಲು ವಿಭಾಗ, ಮೆಟ್ಟಿಲ ಕೆಳಗಿನ ಗೂಡು

ಸಂಖ್ಯೆ: ಗೃಇ/ಕವಿ/ಮೆಕೆ/17/ತಿದ್ದುಪಡಿ
ದಿನಾಂಕ: ಹಾಲು ಬಾರದ ಮೂರನೆಯ ದಿನ, ಬೆಳಗ್ಗೆ

ಸುತ್ತೋಲೆ

ವಿಷಯ: ಮನೆಯ ಕ್ಯಾಮೆರಾಗಳು ಕಂಡದ್ದನ್ನು ದಾಖಲಿಸುವ ಗಣಕಯಂತ್ರಕ್ಕೆ ಹೊಸ ಆಪರೇಟಿಂಗ್ ಸಿಸ್ಟಮ್ ಆರಿಸುವ ಕುರಿತು, ಹಾಗೂ ಹಿಂದಿನ ಸುತ್ತೋಲೆಯ ಒಂದು ಪದದಿಂದ ಆದ ಅನಾಹುತವನ್ನು ಸರಿಪಡಿಸುವ ಕುರಿತು.

ಉಲ್ಲೇಖ:
1. ಅಪ್ಪನವರ ಮೌಖಿಕ ಆದೇಶ, ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಗೇಟಿನ ಬಳಿ ನಿಂತು ಹೊರಡಿಸಿದ್ದು.
2. ಚಿಕ್ಕಪ್ಪನವರ ತಾಂತ್ರಿಕ ಟಿಪ್ಪಣಿ, ಮಿಕ್ಸಿ ಡಬ್ಬದ ರಟ್ಟಿನ ಮೇಲೆ ಬರೆದದ್ದು.
3. ಈ ವಿಭಾಗದ ಸುತ್ತೋಲೆ ಸಂಖ್ಯೆ 16, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದು.
4. ಅಜ್ಜಿಯವರ ಆಕ್ಷೇಪಣೆ, ಅದೇ ಫ್ರಿಜ್ಜಿನ ಬಾಗಿಲು ಅರ್ಧ ತೆರೆದಿದ್ದಾಗ ಸಲ್ಲಿಸಿದ್ದು.

ಪ್ರಸ್ತಾವನೆ

ಈ ಮನೆಗೆ ಕ್ಯಾಮೆರಾಗಳು ನಾಲ್ಕು: ಗೇಟು, ಹಿತ್ತಲು, ಮೆಟ್ಟಿಲು, ಮತ್ತು ಅಳವಡಿಸಿದಂದಿನಿಂದ ನೀರಿನ ಟ್ಯಾಂಕನ್ನೇ ದಿಟ್ಟಿಸುತ್ತಾ ನಿಂತಿರುವ ನಾಲ್ಕನೆಯದು. ಇವು ಕಂಡದ್ದನ್ನೆಲ್ಲ, ಗೇಟಿನದು ಕೇಳಿಸಿಕೊಂಡದ್ದನ್ನೂ ಸಹ, ಮೆಟ್ಟಿಲ ಕೆಳಗೆ ಪೊರಕೆಯ ಪಕ್ಕ ಇರಿಸಿರುವ ಹಳೆಯ ಗಣಕಯಂತ್ರವೊಂದು ಜೋಪಾನ ಮಾಡುತ್ತದೆ. ಸದರಿ ಯಂತ್ರವು ಕಳೆದ ವಾರ ಮಧ್ಯಾಹ್ನ ಯಾರ ಅಪ್ಪಣೆಯನ್ನೂ ಪಡೆಯದೆ, "ಸುಧಾರಣೆ ನಡೆಯುತ್ತಿದೆ, ಕಾಯಿರಿ" ಎಂದು ಪರದೆಯ ಮೇಲೆ ಪ್ರಕಟಿಸಿ, ಹನ್ನೊಂದು ನಿಮಿಷ ಕಣ್ಣು ಮುಚ್ಚಿಕೊಂಡಿತು. ಆ ಹನ್ನೊಂದು ನಿಮಿಷದಲ್ಲಿ ಅಪ್ಪನವರ ಎಡಗಾಲಿನ ಚಪ್ಪಲಿ ಕಾಣೆಯಾಯಿತು. ಹನ್ನೆರಡನೆಯ ನಿಮಿಷದ ದೃಶ್ಯದಲ್ಲಿ ಎದುರುಮನೆಯ ನಾಯಿಯ ಬಾಲದ ತುದಿ ಮಾತ್ರ ಕಾಣುತ್ತದೆ. ಬಾಲದ ತುದಿಯನ್ನು ಸಾಕ್ಷ್ಯವೆಂದು ಒಪ್ಪಲು ಎದುರುಮನೆಯವರು ಸಿದ್ಧರಿಲ್ಲ.

ಆದುದರಿಂದ ಯಂತ್ರದ ವ್ಯವಸ್ಥೆಯನ್ನೇ ಬದಲಿಸಲು ತೀರ್ಮಾನಿಸಿ, ಸುತ್ತೋಲೆ 16ನ್ನು ಹೊರಡಿಸಲಾಯಿತು. ಅದರ ಕಲಂ 3ರಲ್ಲಿ, "ಹೊಸ ವ್ಯವಸ್ಥೆ ಹಾಕುವಾಗ ಗೇಟಿನ ಕ್ಯಾಮೆರಾದಲ್ಲಿ ಕಂಡವರನ್ನೆಲ್ಲ ಅಳಿಸಲಾಗುವುದು" ಎಂದು ಸೂಚಿಸಲಾಗಿತ್ತು. ಇದನ್ನು ಕನ್ನಡಕ ಒರೆಸಿಕೊಂಡು ಎರಡು ಬಾರಿ ಓದಿದ ಅಜ್ಜಿಯವರು ಗೇಟಿನ ಬಳಿ ನಿಂತು ಹಾಲಿನವನಿಗೆ ನೀಡಿದ ಎಚ್ಚರಿಕೆಯನ್ನು ಕ್ಯಾಮೆರಾ ದಾಖಲೆಯಿಂದ ಯಥಾವತ್ತಾಗಿ ಇಲ್ಲಿ ಕೊಡಲಾಗಿದೆ:

"ಲೋ ಅಪ್ಪಾ, ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ. ನಮ್ಮನೇಲಿ ಬಂದವರನ್ನೆಲ್ಲ ಅಳಿಸ್ತಾರಂತೆ. ಬರೆದು ಅಂಟಿಸಿದಾರೆ, ಬಾಯಿಮಾತಲ್ಲ. ನೀನು ಮೊದಲೇ ಮೆತ್ತನೆ ಮನಸ್ಸಿನೋನು."

ಇದೇ ಎಚ್ಚರಿಕೆಯನ್ನು ಇಸ್ತ್ರಿಯವರಿಗೂ ಪಾರ್ಸಲ್ ತರುವವರಿಗೂ ನೀಡಲಾಗಿದೆ. ಪರಿಣಾಮವಾಗಿ ಮನೆಯಲ್ಲಿ ಮೂರು ದಿನದಿಂದ ಹಾಲಿಲ್ಲ. ಅಪ್ಪನವರು ಸುಕ್ಕು ಅಂಗಿಯಲ್ಲಿ, ಬಾತ್‌ರೂಮಿನ ರಬ್ಬರ್ ಚಪ್ಪಲಿಯಲ್ಲಿ ಕಚೇರಿಗೆ ಹೋಗುತ್ತಿದ್ದಾರೆ. ಮತ್ತು ಹೊಸ ವ್ಯವಸ್ಥೆಗೆಂದೇ ತರಿಸಿದ ಹೊಸ ಡಿಸ್ಕ್ ಬೀದಿಯ ತಿರುವಿನವರೆಗೆ ಬಂದು, ಅಜ್ಜಿಯವರನ್ನು ದೂರದಿಂದ ಕಂಡು ಹಿಂದಿರುಗಿದೆ. ಈ ಎಲ್ಲವನ್ನು ಪರಿಶೀಲಿಸಿ ಕೆಳಕಂಡಂತೆ ಆದೇಶಿಸಲಾಗಿದೆ.

1. ಪದದ ಅರ್ಥ. "ಅಳಿಸು" ಎಂದರೆ (ಅ) ಒರೆಸಿ ಇಲ್ಲದಂತೆ ಮಾಡು. (ಆ) ಕಣ್ಣೀರು ಬರಿಸು. ಸುತ್ತೋಲೆ 16ರಲ್ಲಿ (ಅ) ಅರ್ಥವನ್ನು ಮಾತ್ರ ಉದ್ದೇಶಿಸಲಾಗಿತ್ತೆಂದು ಸ್ಪಷ್ಟಪಡಿಸಲಾಗಿದೆ. ಈ ಸ್ಪಷ್ಟನೆಯನ್ನು ಖುದ್ದಾಗಿ ಓದಿ ಹೇಳಿದಾಗ ಅಜ್ಜಿಯವರು, "ಎರಡೂ ಒಂದೇ ಕಣೇ. ಒಂದು ಮಾಡಿದ್ರೆ ಇನ್ನೊಂದು ತಾನೇ ಆಗುತ್ತೆ" ಎಂದು ಷರಾ ಬರೆಸಿದ್ದಾರೆ. ಷರಾ ಪರಿಶೀಲನೆಯಲ್ಲಿದೆ.

2. ಅಭ್ಯರ್ಥಿಗಳು. ಪರಿಗಣನೆಯಲ್ಲಿರುವ ವ್ಯವಸ್ಥೆಗಳು ಎರಡು. ಮೊದಲನೆಯದು, ಎಲ್ಲರ ಕಚೇರಿಯಲ್ಲೂ ಇರುವ, ಕಿಟಕಿಯ ಗುರುತಿನದು. ಇನ್ನು ಮುಂದೆ "ಕಿಟಕಿ". ಎರಡನೆಯದು, ಹಿಮದ ನಾಡಿನ ಹಾರಲಾರದ ಹಕ್ಕಿಯ ಗುರುತಿನದು. ಇನ್ನು ಮುಂದೆ "ಹಕ್ಕಿ".

3. ಕಿಟಕಿಯ ಪರವಾಗಿ ಅಪ್ಪನವರು, "ಗೊತ್ತಿರೋದನ್ನ ಹಾಕ್ರಪ್ಪಾ, ಈ ವಯಸ್ಸಲ್ಲಿ ಮತ್ತೆ ಅ ಆ ಇ ಈ ಕಲಿಸ್ಬೇಡಿ" ಎಂದು ವಾದಿಸಿದ್ದಾರೆ. ಆದರೆ ಆಗಾಗ ತಾನಾಗಿ ಸುಧಾರಿಸಿಕೊಳ್ಳಲು ಮುಚ್ಚಿಕೊಳ್ಳುವ ಅಭ್ಯಾಸ ಕಿಟಕಿಗೆ ಇರುವುದಾಗಿ ಚಿಕ್ಕಪ್ಪನವರ ಟಿಪ್ಪಣಿ ಹೇಳುತ್ತದೆ. ಮಧ್ಯಾಹ್ನ ಊಟವಾದ ಮೇಲೆ ಸುಧಾರಿಸಿಕೊಳ್ಳುವ ಹಕ್ಕು ಈ ಮನೆಯಲ್ಲಿ ಅಪ್ಪನವರೊಬ್ಬರಿಗೇ ಇದ್ದು, ಒಂದೇ ಹೊತ್ತಿನಲ್ಲಿ ಇಬ್ಬರು ಸುಧಾರಿಸಿಕೊಂಡರೆ ಗೇಟು ನೋಡುವವರು ಯಾರು ಎಂಬ ಪ್ರಶ್ನೆಗೆ ಅವರು ಉತ್ತರಿಸಿರುವುದಿಲ್ಲ. ಆ ಹೊತ್ತಿನಲ್ಲಿ ಅವರು ಸುಧಾರಿಸಿಕೊಳ್ಳುತ್ತಿದ್ದರು.

4. ಹಕ್ಕಿಯ ಪರವಾಗಿ ಚಿಕ್ಕಪ್ಪನವರು (ಮಿಕ್ಸಿ, ಫ್ಯಾನು, ಪಂಪು ರಿಪೇರಿ), "ಹಕ್ಕಿ ಹಾಕಿ ನೋಡಿ, ಹತ್ತು ವರ್ಷ ತಿರುಗಿ ನೋಡೋ ಹಾಗಿಲ್ಲ" ಎಂದು ಶಿಫಾರಸು ಮಾಡಿದ್ದಾರೆ. ತಿರುಗಿ ನೋಡುವುದೇ ಸದರಿ ಯಂತ್ರದ ಏಕೈಕ ಉದ್ದೇಶವಾಗಿರುವುದರಿಂದ ಶಿಫಾರಸಿನ ಭಾಷೆಯನ್ನು ತಿದ್ದಿ ಮರುಸಲ್ಲಿಸಲು ಸೂಚಿಸಲಾಗಿತ್ತು. ಅವರು ರಟ್ಟನ್ನು ತಿರುಗಿಸಿ, ಇನ್ನೊಂದು ಬದಿಯಲ್ಲಿ ಅದನ್ನೇ ದೊಡ್ಡ ಅಕ್ಷರದಲ್ಲಿ ಬರೆದು ಮರುಸಲ್ಲಿಸಿದ್ದಾರೆ. ಹಕ್ಕಿಗೆ ಕಪ್ಪು ಪರದೆಯ ಮೇಲೆ ಅಪ್ಪಣೆಗಳನ್ನು ಬೆರಳಚ್ಚಿಸಬೇಕಾಗುತ್ತದೆ. ಒಂದು ಚುಕ್ಕೆ ತಪ್ಪಿದರೂ ಅದು ಕೇಳುವುದಿಲ್ಲ. ಈ ಗುಣವು ಅಮ್ಮನವರನ್ನು ಹೋಲುತ್ತದೆ ಎಂಬ ಅಪ್ಪನವರ ಮಾತನ್ನು ಕಡತದಿಂದ ತೆಗೆಯಲಾಗಿದೆ.

5. ಅಮ್ಮನವರ ಅಭಿಪ್ರಾಯ: "ಯಾವ ಸಿಸ್ಟಮ್ ಆದ್ರೂ ಹಾಕ್ಕೊಳ್ಳಿ. ನನ್ನ ಪೊರಕೆ ಜಾಗಕ್ಕೆ ಬಂದ್ರೆ ಮಾತ್ರ ನಾನೇ ಆಪರೇಷನ್ ಮಾಡ್ತೀನಿ." ಪೊರಕೆಗೆ ಒಂದು ಗೇಣು ಜಾಗವನ್ನು ಕಾಯಂ ಆಗಿ ಮಂಜೂರು ಮಾಡಲಾಗಿದೆ.

6. ಅಳಿಸಬೇಕಾದ ದಾಖಲೆಯ ಪರಿಶೀಲನೆ. ಏನನ್ನು ಅಳಿಸಲಿದ್ದೇವೆ ಎಂದು ತಿಳಿಯದೆ ಅಳಿಸುವುದು ನಿಯಮಬಾಹಿರವಾದ್ದರಿಂದ, ಗೇಟಿನ ಕ್ಯಾಮೆರಾದ ಇಪ್ಪತ್ತು ದಿನಗಳ ದೃಶ್ಯವನ್ನು ಈ ವಿಭಾಗವು ನಿನ್ನೆ ಪೂರ್ತಿಯಾಗಿ ವೀಕ್ಷಿಸಿತು. ಕಳ್ಳರು: ಇಲ್ಲ. ಅನುಮಾನಾಸ್ಪದ ವ್ಯಕ್ತಿಗಳು: ಗೇಟಿನ ಬೀಗದ ಕೈ ಮರೆತು ಗೋಡೆ ಹಾರಿದ ಚಿಕ್ಕಪ್ಪನವರು, ಎರಡು ಬಾರಿ. ಇದಲ್ಲದೆ, ಇಪ್ಪತ್ತೂ ದಿನ, ಸಂಜೆ ಸರಿಯಾಗಿ ನಾಲ್ಕು ಗಂಟೆಗೆ, ಅಜ್ಜಿಯವರು ಮಗುಚಿದ ಬಕೆಟ್ಟಿನ ಮೇಲೆ ಗೇಟಿನ ಕ್ಯಾಮೆರಾದ ಕೆಳಗೆ ಕುಳಿತು ಅದಕ್ಕೆ ಕಥೆ ಹೇಳಿರುವುದು ಕಂಡುಬಂದಿದೆ.

ಕಥೆಯು ಏಳು ಬಾಗಿಲ ಮನೆಗೆ ಕಾವಲಿದ್ದ ಹುಡುಗಿಯೊಬ್ಬಳದು. ಮೊದಲ ಐದು ಬಾಗಿಲಿಗೆ ತಲಾ ಮೂರು ದಿನ ಹಿಡಿದಿದೆ. ಕ್ಯಾಮೆರಾಕ್ಕೇ ಏಕೆ ಎಂದು ವಿಚಾರಿಸಲಾಗಿ, "ಅದು ಹೂಂ ಅನ್ನುತ್ತೆ ಕಣೇ. ಈ ಮನೇಲಿ ಇನ್ಯಾರು ಅಂತಾರೆ?" ಎಂದು ಅಜ್ಜಿಯವರು ಉತ್ತರಿಸಿದ್ದಾರೆ. ಎದುರಿಗೆ ಏನಾದರೂ ಅಲುಗಾಡಿದಾಗ ಕ್ಯಾಮೆರಾದ ಕೆಂಪು ದೀಪವು ಮಿಟುಕುತ್ತದೆ. ಅಜ್ಜಿಯವರು ಕೈಬೀಸಿ ಕಥೆ ಹೇಳುವುದರಿಂದ ಅದು ಬಿಡದೆ ಮಿಟುಕಿದೆ. ಹೂಂಗುಟ್ಟುವವರ ಹುದ್ದೆ ಈ ಮನೆಯಲ್ಲಿ ಹಲವು ವರ್ಷಗಳಿಂದ ಖಾಲಿ ಇದೆ ಎಂಬುದನ್ನು ಒಪ್ಪಿಕೊಳ್ಳಲಾಗಿದೆ. ಹಿಂದೆ ಆ ಹುದ್ದೆಯಲ್ಲಿದ್ದು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ದಿನದಿಂದ ರಜೆಯ ಅರ್ಜಿಯನ್ನೂ ಕೊಡದೆ ಗೈರಾದ ಮೊಮ್ಮಗಳು ಈ ಸುತ್ತೋಲೆಗೆ ಸಹಿ ಮಾಡಿದವರೇ ಆಗಿರುತ್ತಾರೆ.

7. ಮೊದಲ ದಿನದ ದೃಶ್ಯ. ಮೊದಲ ದಿನ ಅಜ್ಜಿಯವರು ಕಥೆ ಆರಂಭಿಸುವ ಮುನ್ನ ಕ್ಯಾಮೆರಾಕ್ಕೆ ಹೇಳಿದ್ದು ಹೀಗಿದೆ:

"ನೋಡು ಪುಟ್ಟಾ, ಕೊನೆ ಮೊದಲೇ ಹೇಳ್ಬಿಡ್ತೀನಿ, ನಿನ್ನ ಹತ್ರ ಇಟ್ಕೊಂಡಿರು. ಈಚೆಗೆ ನನಗೆ ಒಂದೊಂದೇ ಜಾರ್ತಾ ಇದೆ. ನಾನೆಲ್ಲಾದ್ರೂ ನಿಂತ್ರೆ ನೀನು ಎತ್ಕೊಡ್ಬೇಕು, ಆಯ್ತಾ?"

ಬಳಿಕ ಬಕೆಟ್ಟಿನ ಮೇಲೆ ಹತ್ತಿ ನಿಂತು (ಇದಕ್ಕೆ ಪ್ರತ್ಯೇಕ ನೋಟಿಸು ನೀಡಲಾಗುವುದು) ಕ್ಯಾಮೆರಾದ ಹತ್ತಿರ ಬಾಯಿಟ್ಟು, ಏಳನೆಯ ಬಾಗಿಲ ಹಿಂದೆ ಏನಿತ್ತು ಎಂಬುದನ್ನು ಪಿಸುಗುಟ್ಟಿದ್ದಾರೆ. ದೀಪ ಎರಡು ಬಾರಿ ಮಿಟುಕಿದೆ.

ಹದಿನಾರನೆಯ ದಿನದಿಂದ ನಿನ್ನೆಯವರೆಗೆ, ಅಂದರೆ ಐದು ದಿನ, ಅಜ್ಜಿಯವರು ಆರನೆಯ ಬಾಗಿಲನ್ನೇ ತೆರೆದಿದ್ದಾರೆ. "ಆರನೇದೂ ತೆಗೆದ್ಲು. ಏಳನೇದ್ರಲ್ಲಿ... ಏನೋ ಇತ್ತು ಕಣೋ. ತಡಿ. ಹೇಳೋ, ಹೇಳಿದ್ನಲ್ಲ ನಿನಗೆ?" ಉತ್ತರಿಸುವ ಸೌಲಭ್ಯ ಸದರಿ ಮಾದರಿಯ ಕ್ಯಾಮೆರಾದಲ್ಲಿ ಇಲ್ಲ. ಅಜ್ಜಿಯವರು ಬಕೆಟ್ಟನ್ನು ಎತ್ತಿಕೊಂಡು ಒಳಗೆ ಹೋಗಿರುತ್ತಾರೆ.

8. ತುರ್ತು. ಹಾಲಿ ಯಂತ್ರವು ಇಪ್ಪತ್ತು ದಿನಗಳಿಗಿಂತ ಹೆಚ್ಚನ್ನು ಇಟ್ಟುಕೊಳ್ಳಲಾರದು. ಇಪ್ಪತ್ತೊಂದನೆಯ ದಿನದ ಒಂದೊಂದು ಗಂಟೆ ಬಂದಂತೆ ಮೊದಲನೆಯ ದಿನದ ಅದೇ ಗಂಟೆಯನ್ನು ತಾನಾಗಿ ಅಳಿಸುತ್ತದೆ. ಇಂದು ಇಪ್ಪತ್ತೊಂದನೆಯ ದಿನ. ಇಂದು ಸಂಜೆ ನಾಲ್ಕಕ್ಕೆ ಏಳನೆಯ ಬಾಗಿಲು ಹೋಗುತ್ತದೆ. ಕಿಟಕಿ ಹಾಕಿದರೂ ಹೋಗುತ್ತದೆ, ಹಕ್ಕಿ ಹಾಕಿದರೂ ಹೋಗುತ್ತದೆ, ಏನೂ ಹಾಕದಿದ್ದರೂ ಹೋಗುತ್ತದೆ. ಆದ್ದರಿಂದ ಈ ಸುತ್ತೋಲೆ ಫ್ರಿಜ್ಜಿಗೆ ಅಂಟಿದ ಕ್ಷಣದಿಂದ ಸದರಿ ಯಂತ್ರವನ್ನು ನಿಲ್ಲಿಸಲಾಗಿದೆ. ಚಿಕ್ಕಪ್ಪನವರು ಹಳೆಯ ಡಿಸ್ಕನ್ನು ಹೊರತೆಗೆದು, ಮೆತ್ತಗಾದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು ಬೀರುವಿನ ಮೇಲಿನ ಅರೆಯಲ್ಲಿ ಇರಿಸತಕ್ಕದ್ದು. ಮಾಂತ್ರಿಕನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯಲ್ಲಿದ್ದ ಹಾಗೆ ಈ ಮನೆಯದು ಸದ್ಯಕ್ಕೆ ಬಿಸ್ಕತ್ತಿನ ಡಬ್ಬಿಯಲ್ಲಿದೆ ಎಂದು ತಿಳಿದು ನಡೆದುಕೊಳ್ಳತಕ್ಕದ್ದು. ಬಿಸ್ಕತ್ತಿದೆ ಎಂದು ಭಾವಿಸಿ ಯಾರೂ ಡಬ್ಬಿಗೆ ಕೈ ಹಾಕಬಾರದು. ಈ ವಾಕ್ಯವು ವಿಶೇಷವಾಗಿ ಅಪ್ಪನವರ ಗಮನಕ್ಕೆ.

9. ಆಯ್ಕೆ. ಇಬ್ಬರೂ ಮಕ್ಕಳ ವಾದ ಕೇಳಿದ ಅಜ್ಜಿಯವರು ಈ ಕೆಳಗಿನ ತಾಂತ್ರಿಕ ಅಭಿಪ್ರಾಯವನ್ನು ನೀಡಿದ್ದಾರೆ: "ಕಿಟಕಿ ಮನೇಲಿ ಒಂಬತ್ತಿವೆ, ಅವನ್ನೇ ಒರೆಸೋರಿಲ್ಲ. ಹಕ್ಕಿ ಒಂದೂ ಇಲ್ಲ. ಹಕ್ಕಿ ತನ್ನಿ." ಇಲಾಖೆಯು ಈ ಅಭಿಪ್ರಾಯವನ್ನು ಪೂರ್ಣವಾಗಿ ಒಪ್ಪಿದೆ. ಹಕ್ಕಿಯನ್ನು ಹೊಸ ಡಿಸ್ಕಿನ ಮೇಲೆ ಕೂರಿಸತಕ್ಕದ್ದು. ಷರತ್ತು: ಗೇಟಿನ ಕ್ಯಾಮೆರಾದ ದೀಪ ಮಿಟುಕುವುದನ್ನು ಯಾವ ಕಾರಣಕ್ಕೂ ನಿಲ್ಲಿಸಕೂಡದು.

10. ತಾತ್ಕಾಲಿಕ ವ್ಯವಸ್ಥೆ. ಹೊಸ ಡಿಸ್ಕ್ ಬರುವವರೆಗೆ ಗೇಟಿನ ಕ್ಯಾಮೆರಾದ ಕೆಲಸವನ್ನು ಮನುಷ್ಯರು ನಿರ್ವಹಿಸತಕ್ಕದ್ದು. ದಿನವೂ ಸಂಜೆ ನಾಲ್ಕಕ್ಕೆ ಒಬ್ಬರು ಬಕೆಟ್ಟಿನ ಎದುರು ಖುದ್ದು ಹಾಜರಿದ್ದು ಹೂಂಗುಟ್ಟುವುದು. ಹೂಂಗಳ ವರ್ಗೀಕರಣ:
(ಅ) "ಹೂಂ": ಕೇಳಿಸಿತು ಎಂದು. ಮಾನ್ಯ.
(ಆ) "ಹೂಂ?": ಆಮೇಲೆ ಎಂದು. ಮಾನ್ಯ, ಹಾಗೂ ಶ್ಲಾಘನೀಯ.
(ಇ) ಮೊಬೈಲ್ ನೋಡುತ್ತಾ ಹೇಳಿದ "ಹೂಂಹೂಂಹೂಂ": ಒಂದೂ ಲೆಕ್ಕಕ್ಕಿಲ್ಲ.
(ಈ) ಮಿಕ್ಸಿ ತಿರುಗುವಾಗ ಅಡುಗೆಮನೆಯಿಂದ ಕೂಗಿದ "ಹೂಂ": ಅರ್ಧ.
(ಉ) "ಉಹುಂ": ಕಥೆಯಲ್ಲಿ ರಾಕ್ಷಸ ಕೇಳಿದಾಗ ಮಾತ್ರ.
(ಊ) ಗೊರಕೆ: ಹೂಂ ಅಲ್ಲ. ಅಪ್ಪನವರ ಮೇಲ್ಮನವಿ ವಜಾ.

11. ಏಳನೆಯ ಬಾಗಿಲು. ಇದರ ಹಿಂದೆ ಏನಿದೆ ಎಂಬುದನ್ನು ಈ ಸುತ್ತೋಲೆಯಲ್ಲಿ ಬಹಿರಂಗಪಡಿಸಲಾಗುವುದಿಲ್ಲ. ಮೊದಲ ದಿನದ ದೃಶ್ಯವನ್ನು ನೋಡಿರುವ ಅಧಿಕಾರಿಯೇ ಇಂದಿನ ಪಾಳಿಗೆ ಹಾಜರಾಗುವರು. ಅಜ್ಜಿಯವರು ಆರನೆಯ ಬಾಗಿಲಲ್ಲಿ ನಿಂತಲ್ಲಿ, ಪೂರ್ತಿ ಹೇಳದೆ, ಮೊದಲ ಪದವನ್ನು ಮಾತ್ರ ಎತ್ತಿಕೊಡತಕ್ಕದ್ದು. ಉಳಿದದ್ದನ್ನು ಅವರೇ ಹೇಳಲು ಬಿಡತಕ್ಕದ್ದು. ಮೊದಲ ಪದ ಸಾಲದಿದ್ದರೆ ಎರಡನೆಯದು. ಅದೂ ಸಾಲದಿದ್ದರೆ ಇನ್ನೊಂದು. ನಾಳೆ ಮತ್ತೆ ಕೇಳಿದರೆ ನಾಳೆ ಮತ್ತೆ.

12. ಕಲಂ 1ರ ಷರಾದ ಪರಿಶೀಲನೆ ಪೂರ್ಣಗೊಂಡಿದೆ. ಅಜ್ಜಿಯವರ ವಾದವನ್ನು ಎತ್ತಿಹಿಡಿಯಲಾಗಿದೆ. (ಅ) ಮತ್ತು (ಆ) ಒಂದೇ. ಇನ್ನು ಮುಂದೆ ಈ ಮನೆಯಲ್ಲಿ (ಅ) ಅರ್ಥದಲ್ಲಿ ಏನನ್ನಾದರೂ ಅಳಿಸುವ ಮುನ್ನ ಅಜ್ಜಿಯವರ ಪೂರ್ವಾನುಮತಿ ಕಡ್ಡಾಯ. ಮೊದಲ ದಿನದ ದೃಶ್ಯವು ನೋಡಿದವರನ್ನು (ಆ) ಅರ್ಥದಲ್ಲಿ ಅಳಿಸಿದ ಪ್ರಕರಣ ನಿನ್ನೆ ಮೆಟ್ಟಿಲ ಕೆಳಗೆ ಒಂದು ವರದಿಯಾಗಿದೆ. ಪೊರಕೆಯ ಹೊರತು ಬೇರೆ ಸಾಕ್ಷಿಗಳಿಲ್ಲದ ಕಾರಣ ಕಡತವನ್ನು ಮುಕ್ತಾಯಗೊಳಿಸಲಾಗಿದೆ.

ಮೇಲಿನ ಯಾವ ಕಲಮು ಅರ್ಥವಾಗದಿದ್ದರೂ ನಾಲ್ಕು ಗಂಟೆ ಎಂಬುದು ಅರ್ಥವಾಗಿರತಕ್ಕದ್ದು.

ಸಹಿ/-
ಪ್ರಭಾರ ಅಧಿಕಾರಿ, ಕಣ್ಗಾವಲು ವಿಭಾಗ
ಹಾಗೂ
ಹೂಂಗುಟ್ಟುವವರು (ಇಂದು ಸಂಜೆಯಿಂದ ಕರ್ತವ್ಯಕ್ಕೆ ಮರುಹಾಜರು, ಇಯರ್‌ಫೋನ್ ಅಡುಗೆಮನೆಯ ಡ್ರಾಯರಿಗೆ ಒಪ್ಪಿಸಲಾಗಿದೆ)

ಪ್ರತಿಗಳು:
1. ಅಪ್ಪನವರಿಗೆ: ಎದ್ದ ಮೇಲೆ ಓದಲು.
2. ಅಮ್ಮನವರಿಗೆ: ಕಲಂ 5ರಂತೆ ಗೇಣು ಅಳೆದುಕೊಳ್ಳಲು, ತಮ್ಮದೇ ಕೈಯಿಂದ.
3. ಚಿಕ್ಕಪ್ಪನವರಿಗೆ: ಕಲಂ 8ರ ತುರ್ತು ಕ್ರಮಕ್ಕಾಗಿ, ಗೇಟಿನ ಬೀಗದ ಕೈ ಒಂದನ್ನು ಲಗತ್ತಿಸಿದೆ.
4. ಹಾಲಿನವರು, ಇಸ್ತ್ರಿಯವರು, ಪಾರ್ಸಲ್‌ನವರು: ನಾಳೆಯಿಂದ ಬರಬಹುದು. ಯಾರನ್ನೂ ಅಳಿಸುವುದಿಲ್ಲ.
5. ಎದುರುಮನೆಯ ನಾಯಿ: ಎಡಗಾಲಿನದನ್ನು ಹಿಂದಿರುಗಿಸಲು. ಬಲಗಾಲಿನದು ಬೇಕಾದಲ್ಲಿ ನಿಗದಿತ ನಮೂನೆಯಲ್ಲಿ ಅರ್ಜಿ ಸಲ್ಲಿಸಲು.
6. ನಾಲ್ಕನೆಯ ಕ್ಯಾಮೆರಾ: ನೀರಿನ ಟ್ಯಾಂಕು ಎಲ್ಲಿಗೂ ಹೋಗುವುದಿಲ್ಲ ಎಂಬ ಮಾಹಿತಿಗಾಗಿ.
7. ಅಜ್ಜಿಯವರಿಗೆ: ದೊಡ್ಡ ಅಕ್ಷರದಲ್ಲಿ, ಕಲಂ 11ನ್ನು ಬಿಟ್ಟು.
8. ಗೇಟಿನ ಕ್ಯಾಮೆರಾ: ಇಷ್ಟು ದಿನ ಹುದ್ದೆಯ ಪ್ರಭಾರ ಹೊತ್ತದ್ದಕ್ಕೆ ವಂದನೆಗಳೊಂದಿಗೆ. ಇಂದು ನಾಲ್ಕಕ್ಕೆ ಪ್ರಭಾರವನ್ನು ವಹಿಸಿಕೊಟ್ಟು, ಬಕೆಟ್ಟಿನ ಪಕ್ಕ ಜಾಗ ಬಿಡಲು.